ಅಯಾನುಗಳ ನಾಮಕರಣ

ಅಯಾನಿಕ ಸಂಯುಕ್ತದ ಹೆಸರಿನಲ್ಲಿ ಮೊದಲು ಧನ ಅಯಾನು, ಅನಂತರ ಋಣ ಅಯಾನು ಬರುವುದು ನಿಯಮ. ಪೂರ್ವಪದವನ್ನು ನೆನಪಿನಲ್ಲಿಟ್ಟು ಉತ್ತರಪದವನ್ನು ಅಲಕ್ಷಿಸುವ ವಿದ್ಯಾರ್ಥಿಗಳುಂಟು. ಬೇರಿಯಂ ಸಲ್ಫೇಟ್, ಬೇರಿಯಂ ಕಾರ್ಬೊನೇಟ್ ಎರಡೂ ಬಿಳಿಯ ಪುಡಿಗಳೇ. ಎರಡರಲ್ಲಿಯೂ ಬೇರಿಯಂ ಅಯಾನಿನ 2 ಧನಾವೇಶಗಳನ್ನು ಋಣ ಅಯಾನಿನ 2 ಋಣಾವೇಶಗಳು ಸರಿದೂಗಿಸುತ್ತವೆ. ಆದರೆ ಗುಣ ಬೇರೆ. ಸಲ್ಫೇಟು ನೀರಿನಲ್ಲಾಗಲಿ ಜಠರದ ಆಮ್ಲದಲ್ಲಾಗಲಿ ಬಹುಮಟ್ಟಿಗೆ ಕರಗದು. ಆದುದರಿಂದಲೇ ಜೀರ್ಣಾಂಗಗಳ ಕ್ಷ-ಕಿರಣ ಪರೀಕ್ಷೆಗೆ ಮುನ್ನ ಅದನ್ನು ರೋಗಿಗೆ ಕುಡಿಸುವರು. ಕಾರ್ಬೊನೇಟಾದರೋ ಜಠರದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗುತ್ತದೆ. ಬಿಡುಗಡೆಯಾದ ಬೇರಿಯಂ ಅಯಾನು ರಕ್ತವನ್ನು ಸೇರಿ ವಿಷವಾಗುತ್ತದೆ. 2003ರಲ್ಲಿ ಬ್ರೆಜಿಲ್ ದೇಶದಲ್ಲಿ ಈ ಪರೀಕ್ಷೆಯ ದ್ರವದಲ್ಲಿ ಕಾರ್ಬೊನೇಟು ಬೆರೆತಿದ್ದುದರಿಂದ ಹಲವರು ಅಸುನೀಗಿದರು. ಅಯಾನುಗಳ ಹೆಸರುಗಳನ್ನು ಕಂಠಪಾಠ ಮಾಡಿಸುವ ಉಪಾಧ್ಯಾಯರು ಉತ್ತರಪದದ ಈ ಮಹತ್ತ್ವವನ್ನೂ ಜೊತೆಯಲ್ಲಿಯೇ ಮನಗಾಣಿಸುವುದು ಶ್ರೇಯಸ್ಕರ.