ಲಂಡನ್ ನೋಡಲು ಎತ್ತಿದ ಚೀಟಿ

ಶಿಡ್ಲಘಟ್ಟದ ಕಡೆ ಬಡ್ಡಿಯನ್ನು ವರ್ಷಕ್ಕೆ ಶೇಕಡಾ ಇಷ್ಟು ಎಂದು ಹೇಳುವವರು ಕಡಿಮೆ. ಒಂದೂವರೆ ರೂಪಾಯಿ, ಎರಡು ರೂಪಾಯಿ ಎನ್ನುತ್ತಾರೆ, ನೂರಕ್ಕೆ, ತಿಂಗಳಿಗೆ. ಮೂರು ರೂಪಾಯಿ ಬಡ್ಡಿ ಎಂದರೆ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತ ನಿಲುವಿನಲ್ಲಿ ದುಡ್ಡು ಬೇಕಾದ ರೀಲರ್ ಕೂಡ ಹಿಂದೆಮುಂದೆ ನೋಡುತ್ತಾನೆ. ನಾನು ಮತ್ತು ನಮ್ಮ ಯಜಮಾನರು 2024ರ ಮೇ ತಿಂಗಳಲ್ಲಿ ಲಂಡನ್ ನೋಡಿ ಬಂದದ್ದು ಹೆಚ್ಚುಕಡಿಮೆ ಆ ದರದ ದುಡ್ಡಿನಲ್ಲಿ. ಅದು ಸಾಲದಂತೆ ಕಾಣಲಿಲ್ಲ, ಏಕೆಂದರೆ ಅದು ನಮ್ಮದೇ ಚೀಟಿ.

ಐದು ಲಕ್ಷದ ಚೀಟಿ, 20 ಜನ, 20 ತಿಂಗಳು, ತಿಂಗಳಿಗೆ 25,000. ಮೊದಲ ತಿಂಗಳು ಫೋರ್‌ಮನ್‌ದು. ನಾಲ್ಕನೇ ತಿಂಗಳ ಹೊತ್ತಿಗೆ ಟೂರ್ ಕಂಪನಿಯವರು ಫೋನ್ ಮಾಡಿ, ಈ ತಿಂಗಳೊಳಗೆ ಪೂರ್ತಿ ಹಣ ಕಟ್ಟಿದರೆ ತಲೆಗೆ 15,000 ಕಡಿಮೆ ಎಂದರು. ಇಬ್ಬರಿಗೆ 30,000 ಉಳಿಯುತ್ತದೆ. ನನ್ನ ತಮ್ಮ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಘಟಕ ನಡೆಸುವವನು, "ಅಕ್ಕ, ಚೀಟಿ ಇದೆಯಲ್ಲ, ಕೂಗಿ ಎತ್ತಿಬಿಡಿ. ಬಾವನವರೂ ರಿಟೈರ್ ಆದರು, ಇನ್ನು ಯಾವಾಗ ಹೋಗ್ತೀರ?" ಎಂದ. ಮನೆಯಲ್ಲಿ ಎಲ್ಲರೂ ಒಪ್ಪಿದರು. ಒಂದೂವರೆ ಲಕ್ಷ ಬಿಟ್ಟು ಎತ್ತಿದೆವು. ಕೈಗೆ ಬಂದದ್ದು 3,50,000.

ಲೆಕ್ಕವನ್ನು ನಿಧಾನವಾಗಿ ನೋಡೋಣ, ಏಕೆಂದರೆ ನಮ್ಮ ಕಡೆ ಚೀಟಿ ಇಲ್ಲದ ಬೀದಿ ಸಿಗುವುದು ಕಷ್ಟ, ಆದರೆ ಈ ಲೆಕ್ಕ ಹಾಕುವವರು ಬಹಳ ಕಡಿಮೆ.

ಬಿಟ್ಟ 1,50,000ದಲ್ಲಿ ಫೋರ್‌ಮನ್ ಕಮಿಷನ್ ಶೇ 5, ಅಂದರೆ 25,000. (2019ರ ತಿದ್ದುಪಡಿಯ ನಂತರ ಕಾನೂನು ಶೇ 7ರವರೆಗೆ ಬಿಡುತ್ತದೆ.) ಉಳಿದ 1,25,000ವನ್ನು 20 ಜನಕ್ಕೆ ಹಂಚಿದರೆ ತಲೆಗೆ 6,250. ಹಾಗಾಗಿ ಆ ತಿಂಗಳ ಕಂತು 18,750. ಅದರ ಹಿಂದಿನ ಎರಡು ತಿಂಗಳೂ ಅಷ್ಟೇ ಇತ್ತು. ಮೊದಲ ತಿಂಗಳ 25,000 ಸೇರಿ ನಾಲ್ಕು ಕಂತಿಗೆ ನಾವು ಕಟ್ಟಿದ್ದು 81,250. ಆಮೇಲೆ ಉಳಿದ 16 ತಿಂಗಳು ಕಂತು ಏರುತ್ತಾ ಹೋಯಿತು. ಸರಾಸರಿ 21,250, ಒಟ್ಟು 3,40,000. ಎರಡೂ ಸೇರಿ 4,21,250 ಕಟ್ಟಿ 3,50,000 ತೆಗೆದುಕೊಂಡೆವು. ವ್ಯತ್ಯಾಸ 71,250.

ಇಲ್ಲಿಗೆ ನಿಲ್ಲಿಸಿ, "ಮೂರೂವರೆ ಲಕ್ಷಕ್ಕೆ 20 ತಿಂಗಳಲ್ಲಿ 71,000, ನೂರಕ್ಕೆ ಒಂದು ರೂಪಾಯಿ ಬಡ್ಡಿ ಅಷ್ಟೇ" ಎನ್ನುವವರಿದ್ದಾರೆ. ತಮ್ಮ ಹೇಳಿದ್ದೂ ಅದನ್ನೇ. ಆದರೆ ಆ ಮೂರೂವರೆ ಲಕ್ಷದಲ್ಲಿ 81,250 ಆಗಲೇ ನಾವು ಕಟ್ಟಿದ್ದ ನಮ್ಮದೇ ದುಡ್ಡು. ಬೇರೆಯವರ ದುಡ್ಡು ನಮ್ಮ ಕೈಗೆ ಬಂದದ್ದು 2,68,750 ಮಾತ್ರ. ಅದನ್ನೂ 20 ತಿಂಗಳು ಇಟ್ಟುಕೊಂಡಿಲ್ಲ. ಮುಂದಿನ ತಿಂಗಳಿಂದಲೇ ತೀರಿಸುತ್ತಾ 16 ತಿಂಗಳಿಗೆ ಮುಗಿಸಿದೆವು. ಹಾಗೆ ಕರಗುತ್ತಾ ಹೋಗುವ ಬಾಕಿಯ ಸರಾಸರಿ ಸುಮಾರು 1,43,000. ಅದರ ಮೇಲೆ 16 ತಿಂಗಳಿಗೆ 71,250, ಅಂದರೆ ತಿಂಗಳಿಗೆ ಸುಮಾರು 4,450. ನೂರಕ್ಕೆ ಮೂರು ರೂಪಾಯಿ! ಇದು ಕೈಲೆಕ್ಕ. ಕಂಪ್ಯೂಟರಿನಲ್ಲಿ ಒಂದೊಂದೇ ಕಂತು ಹಾಕಿ ನೋಡಿದಾಗ 2.8 ಬಂತು. ವರ್ಷಕ್ಕೆ ಶೇ 33ಕ್ಕೂ ಮೇಲೆ.

ಅದೇ ಚೀಟಿಯಲ್ಲಿ ಕೊನೆಯವರೆಗೂ ಕಾದವರು ನಮ್ಮಷ್ಟೇ 4,21,250 ಕಟ್ಟಿ ಕಮಿಷನ್ ಕಳೆದು 4,75,000 ಪಡೆದರು. ಒಂದೇ ಚೀಟಿ ಒಂದು ಮನೆಗೆ 53,750 ಕೊಟ್ಟಿತು, ಇನ್ನೊಂದು ಮನೆಯಿಂದ 71,250 ತೆಗೆದುಕೊಂಡಿತು. 30,000 ಉಳಿಸಲು ಹೋದ ಮನೆ ನಮ್ಮದು.

ಮನೆಯಲ್ಲಿದ್ದ ಒಡವೆಯನ್ನು ಬ್ಯಾಂಕಿನಲ್ಲಿಟ್ಟು ಅಷ್ಟೇ ಹಣವನ್ನು ಒಂದು ರೂಪಾಯಿ ಬಡ್ಡಿಗೆ ತಂದು, ಅದೇ ರೀತಿ ತೀರಿಸಿದ್ದರೆ ಬಡ್ಡಿ 23,000ದ ಆಸುಪಾಸು ಆಗುತ್ತಿತ್ತು. ಅಥವಾ ಮುಂದಿನ ಬೇಸಿಗೆಗೆ ಹೋಗಬಹುದಿತ್ತು. ಲಂಡನ್ ಎಲ್ಲಿಗೂ ಹೋಗುತ್ತಿರಲಿಲ್ಲ.

ಚೀಟಿಯ ಮೇಲೆ ನನಗೆ ಸಿಟ್ಟಿಲ್ಲ. ನಂಬಿಕೆಯ, ನೋಂದಾಯಿತ ಚೀಟಿ ಉಳಿತಾಯಕ್ಕೆ ಒಳ್ಳೆಯದೇ. ಆಸ್ಪತ್ರೆ ಖರ್ಚಿಗೆ, ಕಾಲೇಜು ಫೀಸಿಗೆ ಬೇಗ ಎತ್ತುವುದಕ್ಕೂ ಅರ್ಥವಿದೆ. ನನಗೆ ತಾಳ್ಮೆ ತಪ್ಪುವುದು "ಈಗ ಹೋಗಿ, ಆಮೇಲೆ ಕಟ್ಟಿ" ಎನ್ನುವ ಪ್ರವಾಸದ ಇಎಂಐ ಕಂಡರೆ. ಗೌರಿಬಿದನೂರಿನ ನನ್ನ ನಾದಿನಿಗೆ ದುಬೈ ಪ್ಯಾಕೇಜನ್ನು ನೋ ಕಾಸ್ಟ್ ಇಎಂಐ ಎಂದು ಮಾರಲು ಬಂದರು. ನಗದು ಕಟ್ಟಿದರೆ ಎಷ್ಟು ಎಂದು ಕೇಳು ಎಂದೆ. ಕೇಳಿದಳು, ಬೆಲೆ ಇಳಿಯಿತು. ಆ ಇಳಿದದ್ದೇ ಬಡ್ಡಿ. ಅದರ ಮೇಲೆ ಪ್ರೊಸೆಸಿಂಗ್ ಶುಲ್ಕ, ಶುಲ್ಕದ ಮೇಲೆ ಜಿಎಸ್‌ಟಿ. ಶೂನ್ಯ ಬಡ್ಡಿ ಎನ್ನುವುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಇಷ್ಟಾದ ಮೇಲೂ ಅದೇ ಮಾತನ್ನು ಹೊಸ ಹೆಸರಿನಲ್ಲಿ ಮಾರುತ್ತಾರೆ, ನಾವು ಸಹಿ ಹಾಕುತ್ತೇವೆ. ಬೇಡ. ಹೋಗಿ ಬಂದ ಊರಿಗೆ ವರ್ಷಗಟ್ಟಲೆ ಕಂತು ಕಟ್ಟುವಂಥ ಪ್ರವಾಸ ಯಾವುದೂ ಇಲ್ಲ.

ನಮ್ಮ ಲಂಡನ್ ಪ್ಯಾಕೇಜಿನ ಬೆಲೆ ತಲೆಗೆ 1,65,000. ಶೇ 5ರ ಜಿಎಸ್‌ಟಿ ಸೇರಿ ಇಬ್ಬರಿಗೆ 3,46,500, ಅದರ ಮೇಲೆ ಆಗಿನ ಶೇ 5ರ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) 17,325. ಲಂಡನ್‌ನಲ್ಲಿ ಈ ದುಡ್ಡು ಎಲ್ಲಿ ಹೋಗುತ್ತದೆ ನೋಡಿ. ಮೇಣದ ಬೊಂಬೆಗಳ ಮ್ಯೂಸಿಯಂ, ಥೇಮ್ಸ್ ದಡದ ದೊಡ್ಡ ಚಕ್ರ, ಕೊಹಿನೂರ್ ಇರುವ ಟವರ್ ಆಫ್ ಲಂಡನ್, ಎಲ್ಲಕ್ಕೂ ಟಿಕೆಟ್. ಟವರ್ ಒಂದಕ್ಕೇ ತಲೆಗೆ 30 ಪೌಂಡಿಗೂ ಹೆಚ್ಚು. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಇವುಗಳ ಶಾಶ್ವತ ಸಂಗ್ರಹ ನೋಡಲು ಮಾತ್ರ ಒಂದು ಪೈಸೆ ಕೊಡಬೇಕಿಲ್ಲ. ನಮ್ಮ ಪ್ಯಾಕೇಜಿನಲ್ಲಿ ಟಿಕೆಟ್ಟಿನ ಜಾಗಗಳೆಲ್ಲ ಇದ್ದವು, ಪುಕ್ಕಟೆಯವು ಒಂದೂ ಇರಲಿಲ್ಲ.

ಗುಂಪಿನವರು ಆಕ್ಸ್‌ಫರ್ಡ್ ಸ್ಟ್ರೀಟ್‌ಗೆ ಖರೀದಿಗೆ ಹೋದ ಮಧ್ಯಾಹ್ನ ನಾವಿಬ್ಬರೂ ಬಸ್ಸು ಹತ್ತಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ಗೆ ಹೋದೆವು. ಆಗ ಬಸ್ಸಿಗೆ 1.75 ಪೌಂಡ್, ಒಂದು ಗಂಟೆಯೊಳಗೆ ಬೇರೆ ಬಸ್ಸು ಹತ್ತಿದರೂ ಮತ್ತೆ ಕೊಡಬೇಕಿರಲಿಲ್ಲ. ಅಲ್ಲಿ ಟಿಪ್ಪುವಿನ ಹುಲಿ ಇದೆ: ಮರದ ಹುಲಿ ಬಿಳಿಯ ಸಿಪಾಯಿಯ ಮೇಲೆ ಎರಗಿದೆ, ಒಳಗೊಂದು ಪುಟ್ಟ ಆರ್ಗನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಾಗಿಸಿದ್ದು. ಟಿಪ್ಪು ಹುಟ್ಟಿದ ದೇವನಹಳ್ಳಿಯಿಂದಲೇ ನಾವು ವಿಮಾನ ಹತ್ತಿದ್ದು. ಆತನ ನಂದಿದುರ್ಗ ನಮ್ಮ ಮನೆಯ ಮಹಡಿಯಿಂದ ಕಾಣುತ್ತದೆ. ಯಜಮಾನರು ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತಷ್ಟು ಹೊತ್ತು ಇನ್ನೆಲ್ಲೂ ನಿಲ್ಲಲಿಲ್ಲ. ಮಾರನೆಯ ಬೆಳಿಗ್ಗೆ ಲ್ಯಾಂಬೆತ್‌ನ ನದಿ ದಡದಲ್ಲಿ, ಪಾರ್ಲಿಮೆಂಟಿನ ಎದುರು ದಡಕ್ಕಿರುವ ಬಸವಣ್ಣನವರ ಪ್ರತಿಮೆ ನೋಡಿದೆವು. 2015ರ ನವೆಂಬರ್‌ನಲ್ಲಿ ಅನಾವರಣಗೊಂಡದ್ದು. ಅದಕ್ಕೂ ಖರ್ಚಿಲ್ಲ. ಪ್ರವಾಸದಲ್ಲಿ ನಮಗೆ ಅತಿ ಹೆಚ್ಚು ಸಂತೋಷ ಕೊಟ್ಟ ಎರಡು ಜಾಗಗಳಿಗೂ ಬಸ್ ಚಾರ್ಜು ಬಿಟ್ಟರೆ ಬೇರೇನೂ ಆಗಲಿಲ್ಲ.

ಕಾರ್ಡಿನ ವಿಷಯ ಚುಟುಕಾಗಿ. ಅನೇಕ ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಖರ್ಚಿಗೆ ಶೇ 3.5 ಮಾರ್ಕಪ್, ಅದರ ಮೇಲೆ ಶೇ 18 ಜಿಎಸ್‌ಟಿ: ಲಕ್ಷಕ್ಕೆ 4,130. ಅಂಗಡಿಯ ಯಂತ್ರ ರೂಪಾಯಿಯೋ ಪೌಂಡೋ ಎಂದು ಕೇಳಿದರೆ ಪೌಂಡ್ ಒತ್ತಿ.

ವಿದೇಶ ನೋಡುವುದು ದುಂದು ಎನ್ನುವವರ ಜೊತೆ ನಾನಿಲ್ಲ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದವರು. 1908ರಲ್ಲಿ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿನ ಕರೆ ತಲುಪಿದಾಗ ಇಟಲಿಯಲ್ಲಿದ್ದರು. ನೋಡಬೇಕು, ಕೈಲಾದವರೆಲ್ಲ ನೋಡಬೇಕು. ಆದರೆ ನಮ್ಮ ಕಡೆ ದುಡ್ಡು ಬರುವುದು ತಿಂಗಳ ಸಂಬಳದಂತಲ್ಲ. ಗೂಡಿಗೆ ಒಳ್ಳೆ ರೇಟು ಸಿಕ್ಕ ವಾರ ಬರುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ಚಿಂತಾಮಣಿಯ ಕಡೆಗೆ ಬಂದಂತೆ ಬರುತ್ತದೆ. ಬಂದ ದುಡ್ಡು ಸೈಟಿಗೆ, ಒಡವೆಗೆ, ಗೃಹಪ್ರವೇಶದ ಊಟಕ್ಕೆ ಹೋಗುತ್ತದೆ. ಪ್ರವಾಸದ ಆಸೆ ಹುಟ್ಟುವ ಹೊತ್ತಿಗೆ ಕೈ ಖಾಲಿ, ಆಗ ಚೀಟಿಯ ನೆನಪು. ಇಂಥ ಆದಾಯಕ್ಕೆ ಪ್ರತಿ ತಿಂಗಳೂ ಕಟ್ಟಲೇಬೇಕಾದ ಆರ್‌ಡಿ ಹೊಂದುವುದಿಲ್ಲ. ಒಂದೊಂದು ಬೆಳೆ ಬಂದಾಗಲೂ ಹತ್ತರಲ್ಲಿ ಒಂದು ಪಾಲನ್ನು ಸಣ್ಣ ಎಫ್‌ಡಿ ಮಾಡಿ. ಹೆಂಗಸರ ಹೆಸರಿನಲ್ಲೇ ಮಾಡಿ. ಮುರಿಯುವ ಮೊದಲು ಮನೆಯಲ್ಲಿ ಒಂದು ಮಾತಾದರೂ ನಡೆಯುತ್ತದೆ.

ಟಿಸಿಎಸ್ ಎಂದು ಕಟ್ಟಿದ್ದ 17,325 ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ ಮೇಲೆ ನಮಗೆ ವಾಪಸು ಬಂತು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ ಸಲ್ಲಿಸದ ಮನೆಗಳು ಈ ಹಣವನ್ನು ಹಾಗೆಯೇ ಬಿಟ್ಟುಬಿಡುತ್ತವೆ, ದಯವಿಟ್ಟು ಬಿಡಬೇಡಿ. ಮತ್ತು ಬರುವ ಬೇಸಿಗೆಗೆಂದು ಈಗ ಚೀಟಿ ಕೂಗಲು ಹೊರಟಿದ್ದರೆ, ಕೈಗೆ ಬರುವ ಹಣದಲ್ಲಿ ಇದುವರೆಗೆ ಕಟ್ಟಿದ್ದನ್ನು ಕಳೆದು ಉಳಿದದ್ದಕ್ಕೆ ಬಡ್ಡಿ ಎಷ್ಟು ರೂಪಾಯಿ ಬೀಳುತ್ತದೆಂದು ಒಮ್ಮೆ ಬರೆದು ನೋಡಿ. ಎರಡು ರೂಪಾಯಿ ದಾಟಿದರೆ ಆ ತಿಂಗಳು ಕೂಗಬೇಡಿ.