ಹೊರನಾಡಿನ ಎಣ್ಣೆಯೂ ಬದುವಿನ ಹೊಂಗೆಯೂ

ನಾನು ದಿನವೂ ಕಾಲೇಜಿಗೆ ಬರುವ ದಾರಿಯಲ್ಲಿ ದೇವನಗೊಂದಿಯ ತೈಲ ಸಂಗ್ರಹಾಗಾರಗಳು ಕಾಣುತ್ತವೆ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಸುಮಾರು 360 ಕಿಲೋಮೀಟರು ನೆಲದಡಿಯ ಕೊಳವೆಯಲ್ಲಿ ಹರಿದುಬರುವ ಪೆಟ್ರೋಲು, ಡೀಸೆಲುಗಳು ನಮ್ಮ ಹೊಸಕೋಟೆ ತಾಲ್ಲೂಕಿನ ಈ ಊರನ್ನು ಸೇರುತ್ತವೆ. ಎಣ್ಣೆಯು ನಮ್ಮ ಊರಿಗೇ ಬಂದಿತು. ಆದರೆ ಅದು ನಮ್ಮದಾಯಿತೇ? ಈ ಪ್ರಶ್ನೆಯನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಭಾರತದಲ್ಲಿ ಎಣ್ಣೆಯೇ ಇಲ್ಲವೆಂದಲ್ಲ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿಯೇ ಎಣ್ಣೆ ದೊರೆಯಿತು. 1974ರಲ್ಲಿ ಮುಂಬಯಿಯ ಕಡಲಿನಲ್ಲಿ ಬಾಂಬೆ ಹೈ ನಿಕ್ಷೇಪವು ಪತ್ತೆಯಾಯಿತು. ಆದರೂ ನಾವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತದೆ. 1973ರಲ್ಲಿ ಅರಬ್ ರಾಷ್ಟ್ರಗಳು ಸರಬರಾಜನ್ನು ಬಿಗಿಹಿಡಿದಾಗ ಕೆಲವೇ ತಿಂಗಳಲ್ಲಿ ಬೆಲೆಯು ಸುಮಾರು ನಾಲ್ಕು ಪಟ್ಟಾಯಿತು. ಅಂತಹ ಕಾಲಕ್ಕೆಂದೇ ಈಗ ಮಂಗಳೂರು, ಪಾದೂರುಗಳಲ್ಲಿ ಬಂಡೆಯೊಳಗೆ ಗುಹೆಗಳನ್ನು ಕೊರೆದು ಕಚ್ಚಾ ತೈಲವನ್ನು ಕೂಡಿಡುವ ಏರ್ಪಾಡಾಗಿದೆ. ಇದು ಕಣಜವೇ ಹೊರತು ಬೆಳೆಯಲ್ಲ.

ಹಾಗಾದರೆ ನಮ್ಮ ಬೆಳೆ ಯಾವುದು? ಹೊಂಗೆಯೆಂದರೆ ಕೆಲವರು ನಕ್ಕಾರು. ಆದರೆ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಯಂತ್ರವೊಂದು ಕಡಲೆಕಾಯಿ ಎಣ್ಣೆಯಿಂದಲೇ ಓಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಯಂತ್ರಗಳನ್ನು ನಡೆಸಿ ತೋರಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ನಡೆಸಿತು. ಹೊಂಗೆ ಎಣ್ಣೆ ಡೀಸೆಲಿಗಿಂತ ಬಹಳ ಮಂದ. ಮೆಥನಾಲಿನೊಡನೆ ಸಂಸ್ಕರಿಸಿ ಗ್ಲಿಸರಿನನ್ನು ಬೇರ್ಪಡಿಸಿದರೆ ತೆಳುವಾಗಿ ಯಂತ್ರಕ್ಕೆ ಒಗ್ಗುತ್ತದೆ. ಉಳಿದ ಹಿಂಡಿಯು ಹೊಲಕ್ಕೆ ಒಳ್ಳೆಯ ಗೊಬ್ಬರ.

ಇನ್ನು ಲೆಕ್ಕ ನೋಡೋಣ. ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಲೀಟರು ಎಣ್ಣೆ. ಮರವೊಂದು ವರ್ಷಕ್ಕೆ 20 ಕಿಲೋ ಬೀಜ ಕೊಟ್ಟರೂ ಐದೇ ಲೀಟರು. 12,000 ಲೀಟರಿನ ಒಂದು ಟ್ಯಾಂಕರನ್ನು ತುಂಬಲು 2,400 ಮರಗಳ ಒಂದು ವರ್ಷದ ಫಸಲು ಬೇಕು! ದೇವನಗೊಂದಿಯಿಂದ ದಿನವೂ ಹೊರಡುವ ಟ್ಯಾಂಕರುಗಳ ಸಾಲನ್ನು ಕಂಡವರಿಗೆ ಹೊಂಗೆಯು ಕೊಳವೆಗೆ ಸಮನಲ್ಲವೆಂಬುದು ತಾನೇ ತಿಳಿಯುತ್ತದೆ.

ಈ ಲೆಕ್ಕವನ್ನೇ ಹಿಡಿದು ನಾನು ಹಿಂದೊಮ್ಮೆ ತಪ್ಪು ಮಾಡಿದೆ. ನಮ್ಮ ಹೊಲದ ಬದುವಿನಲ್ಲಿ ಏಳು ಹೊಂಗೆ ಮರಗಳಿದ್ದವು. ನೆರಳಿಗೆ ರಾಗಿ ಏಳುವುದಿಲ್ಲವೆಂದು ಹಟ ಹಿಡಿದು ಮೂರನ್ನು ಕಡಿಸಿದೆ. "ನಿಮ್ಮಜ್ಜಿ ದೀಪಕ್ಕೆ ಅಂಗಡಿ ಎಣ್ಣೆ ತಂದೋಳಲ್ಲ ಕಣಪ್ಪ" ಎಂದರು ತಾತ. ಆಗ ನನಗೆ ಅರ್ಥವಾಗಲಿಲ್ಲ. ಏಳು ಮರಗಳೆಂದರೆ 35 ಲೀಟರು. ಗಂಟೆಗೆ ಒಂದು ಲೀಟರು ಕುಡಿಯುವ ಪಂಪು ಅಷ್ಟರಲ್ಲಿ 35 ಗಂಟೆ ನೀರೆತ್ತುತ್ತದೆ. ದೇಶದ ಲೆಕ್ಕದಲ್ಲಿ ಇದು ಹನಿ. ಒಣಗುತ್ತಿರುವ ಪೈರಿಗೆ ಇದೇ ಜೀವ.

ಪರಾವಲಂಬನೆಯು ಒಂದೇ ಏಟಿಗೆ ತೊಲಗುವಂಥದಲ್ಲ. ದೊಡ್ಡ ಕೆಲಸವನ್ನು ಸರ್ಕಾರ ಮಾಡಲಿ. ಬದುವಿನ ಕೆಲಸ ನಮ್ಮದು. ಕಡಿದ ಮೂರಕ್ಕೆ ಬದಲಾಗಿ ಈ ಮಳೆಗಾಲದಲ್ಲಿ ಆರು ಸಸಿಗಳನ್ನು ನೆಟ್ಟಿದ್ದೇನೆ. ಅವು ಕಾಯಿ ಬಿಡಲು ಇನ್ನೂ ಐದಾರು ವರ್ಷ ಬೇಕು.