ಕಣ್ಣೀರೂ ಪ್ರಾರ್ಥನೆಯೇ: ಕೀರ್ತನೆಗಳಿಂದ ಒಂದು ಪಾಠ



ಈ ತಿಂಗಳ ಪಾಠವನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಒಂದು ಸಂಘದಲ್ಲಿ ಒಬ್ಬ ಸದಸ್ಯೆ ಮೂರು ಕಂತು ಕಟ್ಟಿರಲಿಲ್ಲ. ಗಂಡನ ಕಾಯಿಲೆಗೆ ಸಂಘದಿಂದ 8,000 ರೂಪಾಯಿ ಸಾಲ ಪಡೆದಿದ್ದರು. ಆಮೇಲೆ ವಾರದ ಸಭೆಗೂ ಬರುವುದನ್ನು ಬಿಟ್ಟರು. ನಾನು ಮನೆಗೆ ಹೋದಾಗ, "ಪ್ರಾರ್ಥನೆ ಮಾಡೋಕೂ ಬಾಯಿ ಬರ್ತಿಲ್ಲ ಸಿಸ್ಟರ್. ದೇವರ ಮೇಲೇನೇ ಸಿಟ್ಟು ಬರ್ತದೆ. ಇದು ಪಾಪ ಅಲ್ವಾ?" ಅಂದರು. ನಾನು ಥಟ್ಟನೆ, "ಹಾಗೆಲ್ಲ ಅನ್ನಬಾರದಮ್ಮ, ಎಲ್ಲಾ ದೇವರ ಚಿತ್ತ" ಅಂದುಬಿಟ್ಟೆ. ಅವರು ಮತ್ತೆ ಮಾತಾಡಲಿಲ್ಲ.

ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ಮಾತಾಡಬೇಕು ಎಂದು ತರಬೇತಿಗಳಲ್ಲಿ ನಿಮಗೆ ಹೇಳಿಕೊಡುವವಳು ನಾನೇ! ಆ ರಾತ್ರಿ ಬೈಬಲ್ ತೆರೆದು 13ನೇ ಕೀರ್ತನೆ ಓದಿದೆ. ಇನ್ನೂ ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ಅಲ್ಲಿ ಭಕ್ತನು ದೇವರನ್ನೇ ಕೇಳುತ್ತಾನೆ. 'ಎಷ್ಟು ಕಾಲ' ಎಂಬ ಆ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಆ ತಾಯಿ ಕೇಳಿದ್ದೂ ಅದನ್ನೇ ಅಲ್ಲವೇ?

ಕೀರ್ತನೆಗಳು ಎಂದರೇನು?

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ 150 ಕೀರ್ತನೆಗಳಿವೆ. ಇವು ಇಸ್ರಯೇಲ್ ಜನರ ಹಾಡುಗಳು, ಪ್ರಾರ್ಥನೆಗಳು. ಇವುಗಳಲ್ಲಿ 73ರ ತಲೆಬರಹದಲ್ಲಿ ದಾವೀದನ ಹೆಸರಿದೆ. ನಮ್ಮ ಸಂಘಗಳ ಮುಸ್ಲಿಂ ಸಹೋದರಿಯರಿಗೂ ದಾವೂದರ ಜಬೂರ್ ಪರಿಚಿತ ಹೆಸರು. ಬಲಿಪೂಜೆಯಲ್ಲಿ ಮೊದಲನೇ ವಾಚನದ ನಂತರ ನಾವು ಹಾಡುವುದು ಸಾಮಾನ್ಯವಾಗಿ ಇವುಗಳನ್ನೇ.

ಹೀಬ್ರೂ ಭಾಷೆಯಲ್ಲಿ ಈ ಗ್ರಂಥದ ಹೆಸರಿಗೆ 'ಸ್ತುತಿಗಳು' ಎಂಬ ಅರ್ಥವಿದೆ. ಆದರೂ ಇದರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇರುವುದು ಗೋಳಿನ ಕೀರ್ತನೆಗಳು. ರೋಗ, ಒಂಟಿತನ, ಶತ್ರುಗಳ ಕಾಟ, ನಂಬಿದವರ ಮೋಸ, ಎಲ್ಲವೂ ಇವೆ. ಗೋಳು ಹೇಳಿಕೊಳ್ಳುವುದನ್ನೂ ದೇವರ ಸ್ತುತಿಯ ಪುಸ್ತಕದಲ್ಲೇ ಸೇರಿಸಿದ್ದಾರೆ ಎಂಬುದನ್ನು ಗಮನಿಸಿ.

ಪ್ರಭು ಯೇಸು ಶಿಲುಬೆಯ ಮೇಲೆ ಕೂಗಿ ಹೇಳಿದ್ದು 22ನೇ ಕೀರ್ತನೆಯ ಮೊದಲ ಮಾತನ್ನೇ. ಯೇಸುವೇ ಹಾಗೆ ಕೇಳಿದ ಮೇಲೆ, ನೊಂದ ಹೆಣ್ಣುಮಗಳು ದೇವರನ್ನು "ಯಾಕಪ್ಪಾ?" ಎಂದು ಕೇಳಿದರೆ ಅದನ್ನು ಪಾಪ ಅನ್ನಲು ನಾವ್ಯಾರು? ಸಿಟ್ಟಿನಿಂದಲಾದರೂ ದೇವರ ಹತ್ತಿರ ಮಾತಾಡುವವರು ದೇವರನ್ನು ಬಿಟ್ಟಿಲ್ಲ.

ನಮಗೆ ಮೂರು ಪಾಠಗಳು

1. ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿ. 13ನೇ ಕೀರ್ತನೆ ದೂರಿನಿಂದ ಶುರುವಾಗಿ, ಬೇಡಿಕೆಗೆ ಬಂದು, ಕೊನೆಗೆ ನಂಬಿಕೆಯಲ್ಲಿ ಮುಗಿಯುತ್ತದೆ. ಆದರೆ 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಕೆಲವು ದಿನ ನಮಗೂ ಹಾಗೆಯೇ. ಆ ದಿನದ ಪ್ರಾರ್ಥನೆಯನ್ನೂ ಬೈಬಲು ಹೊರಗೆ ಹಾಕಿಲ್ಲ.

2. ಭಾರವನ್ನು ಒಬ್ಬರೇ ಹೊರಬೇಡಿ. 55ನೇ ಕೀರ್ತನೆ ಆಪ್ತ ಗೆಳೆಯನಿಂದಲೇ ಪೆಟ್ಟು ತಿಂದವನದು. ಅವನು ತನ್ನ ಭಾರವನ್ನು ದೇವರ ಮೇಲೆ ಹಾಕಲು ಕಲಿಯುತ್ತಾನೆ. ಇದರ ಅರ್ಥ ಬಾಯಿ ಮುಚ್ಚಿ ಸಹಿಸುವುದು ಅಂತಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಸಂಘದಲ್ಲಿ ನಂಬಿಕೆಯುಳ್ಳ ಒಬ್ಬರಿಗಾದರೂ ಹೇಳಿ. 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ. ಪ್ರಾರ್ಥನೆ ಮಾಡಿ ಸಹಾಯ ಕೇಳುವುದು ನಂಬಿಕೆಯ ಕೊರತೆಯಲ್ಲ.

3. ನಾಲಿಗೆ ಮತ್ತು ಹಣ ಎರಡರಲ್ಲೂ ಶುದ್ಧವಾಗಿರಿ. 15ನೇ ಕೀರ್ತನೆ ಐದೇ ವಚನಗಳದು. ದೇವರ ಸನ್ನಿಧಿಯಲ್ಲಿ ಯಾರು ಇರಬಲ್ಲರು ಎಂದು ಕೇಳುತ್ತದೆ. ಚಾಡಿ ಹೇಳದವರು, ನಷ್ಟವಾದರೂ ಕೊಟ್ಟ ಮಾತಿಗೆ ತಪ್ಪದವರು, ಬಡ್ಡಿಗಾಗಿ ಹಣ ಕೊಡದವರು, ಲಂಚ ತೆಗೆದುಕೊಳ್ಳದವರು ಎಂದು ಉತ್ತರವಿದೆ. ಆ ಕಾಲದಲ್ಲಿ ಸಾಲ ಕೇಳುತ್ತಿದ್ದವರು ಹೆಚ್ಚಾಗಿ ಕಷ್ಟಕ್ಕೆ ಸಿಕ್ಕಿದ ಬಡವರು. ನಮ್ಮ ಸಂಘದ ಬಡ್ಡಿ ಸಂಘದ ನಿಧಿಗೇ ಸೇರುತ್ತದೆ, ಅದು ಮೀಟರ್ ಬಡ್ಡಿಯಂತಲ್ಲ ನಿಜ. ಆದರೂ ಒಬ್ಬರ ಕಷ್ಟ ಉಳಿದವರ ಲಾಭ ಆಗ್ತಿದೆಯಾ ಎಂದು ಆಗಾಗ ಲೆಕ್ಕದ ಪುಸ್ತಕ ತೆರೆದು ನೋಡಬೇಕು. ಸಾಲ ಪಡೆದವರೂ ಕೊಟ್ಟ ಮಾತನ್ನು ನೆನಪಿಡಬೇಕು. ಸಾಲ ತೀರಿಸದಿರುವುದನ್ನು 37ನೇ ಕೀರ್ತನೆ ಒಪ್ಪುವುದಿಲ್ಲ.

ಮುಂದೇನಾಯಿತು?

ಮರುವಾರ ನಾನು ಆ ಮನೆಗೆ ಮತ್ತೆ ಹೋದೆ. "ಅವತ್ತು ನಾನು ಹೇಳಿದ್ದು ಸರಿಯಲ್ಲಮ್ಮ" ಅಂದು 13ನೇ ಕೀರ್ತನೆ ಓದಿದೆ. ಅವರು ಬಹಳ ಹೊತ್ತು ಅತ್ತರು. ನಂತರ, "ಇದನ್ನ ಬರೆದವರಿಗೂ ನನ್ ತರಾನೇ ಆಗಿತ್ತಾ?" ಅಂತ ಕೇಳಿದರು. ಮುಂದಿನ ಸಭೆಗೆ ಬಂದರು. ಅವರ ಬಗ್ಗೆ ಹಿಂದೆ ಆಡಿಕೊಂಡಿದ್ದ ಇಬ್ಬರು ಸಭೆಯಲ್ಲೇ ಕ್ಷಮೆ ಕೇಳಿದರು. ಕಂತನ್ನು ಚಿಕ್ಕದು ಮಾಡಿ, ಅವಧಿ ಹೆಚ್ಚಿಸಿ ಸದಸ್ಯರೆಲ್ಲ ಸೇರಿ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಗಂಡನ ಕಾಯಿಲೆ ಇನ್ನೂ ಪೂರ್ತಿ ವಾಸಿಯಾಗಿಲ್ಲ. ಸಾಲವೂ ತೀರಿಲ್ಲ. ಆದರೆ ಅವರು ಪ್ರತಿ ವಾರ ಬರುತ್ತಾರೆ, ಕಂತು ಕಟ್ಟುತ್ತಾರೆ.

ಸಭೆಯಲ್ಲಿ ಚರ್ಚಿಸಿ

- ನಮ್ಮ ಸಂಘದಲ್ಲಿ ಇತ್ತೀಚೆಗೆ ಸಭೆಗೆ ಬರದವರು ಯಾರು? ಕಾರಣ ಕೇಳಲು ಯಾರು ಹೋಗಿದ್ದೇವೆ?
- ಕಂತು ತಪ್ಪಿದವರ ಬಗ್ಗೆ ಹೊರಗೆ ಆಡುವ ಮಾತನ್ನು ಅವರ ಎದುರಿಗೇ ಪ್ರೀತಿಯಿಂದ ಹೇಳಬಲ್ಲೆವಾ?

ಈ ತಿಂಗಳ ಸಂಕಲ್ಪ: ಕ್ರೈಸ್ತ ಸಹೋದರಿಯರು ದಿನಕ್ಕೊಂದು ಕೀರ್ತನೆ ನಿಧಾನವಾಗಿ ಓದಿ. ಓದು ಬಾರದ ತಾಯಂದಿರಿಗೆ ಮಕ್ಕಳು ಓದಿ ಹೇಳಲಿ. ಎಲ್ಲಾ ಸದಸ್ಯೆಯರೂ ಕಷ್ಟದಲ್ಲಿರುವ ಒಬ್ಬರ ಮನೆಗೆ ಹೋಗಿ, ಉಪದೇಶ ಮಾಡದೆ, ಅರ್ಧ ಗಂಟೆ ಕೂತು ಅವರ ಮಾತು ಕೇಳಿ ಬನ್ನಿ.

ಪ್ರಾರ್ಥನೆ: ದೇವರೇ, ನಮ್ಮ ಸಿಟ್ಟನ್ನೂ ಕಣ್ಣೀರನ್ನೂ ನಿಮ್ಮ ಮುಂದೆ ತಂದಿದ್ದೇವೆ. ನಮ್ಮ ಮಾತು ಕೇಳಿರಿ. ನಮ್ಮ ಪಕ್ಕದಲ್ಲಿ ಕುಳಿತ ಸಹೋದರಿಯ ಮಾತನ್ನು ಕೇಳಲು ನಮಗೂ ಕಲಿಸಿರಿ. ಆಮೆನ್.